ಗುಲಾಬಿಗೆ ಜಾಗವಿತ್ತು

ಮಾರ್ಚ್ ೧೪, ಶನಿವಾರ

ಇನ್ನೂ ಮೈ ಉರಿಯುತ್ತಿದೆ. ಅಪ್ಪ-ಅಮ್ಮನ ಮದುವೆಗೆ ಐವತ್ತು ವರ್ಷವಾಯಿತೆಂದು ಅಕ್ಕ ಸ್ಲೈಡ್ ಶೋ ಮಾಡಿದ್ದಾಳೆ. ಅದರ ಮೊದಲ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಬೇಕಂತೆ. ಅದನ್ನು ಸ್ಲೈಡಿನಿಂದ ಬಿಡಿಸಿ ಬೇರೆ ಫೈಲ್ ಮಾಡುವ ಚಾಕರಿ ಮಾತ್ರ ನನ್ನದು.

ರೈಟ್ ಕ್ಲಿಕ್ ಮಾಡಿ ಮೂಲ ಫೋಟೋವನ್ನೇ ಸೇವ್ ಮಾಡಿದೆ. ತೆರೆದು ನೋಡಿದರೆ, ಅಕ್ಕ ಕತ್ತರಿಸಿದ್ದ ಅಂಚೂ ಸೇರಿ, ಸ್ಲೈಡಿನಲ್ಲಿದ್ದುದಕ್ಕಿಂತ ಅಗಲವಾಗಿದೆ. ಅಮ್ಮ, ಅಣ್ಣ, ಅಕ್ಕ, ಅಪ್ಪ. ತುದಿಯಲ್ಲಿ ಅಪ್ಪನ ಕಿರುಬೆರಳು ಹಿಡಿದು, ಮುಂದಿನ ಹಲ್ಲು ಬಿದ್ದ ಬಾಯಲ್ಲಿ ನಗುತ್ತ ನಾನು! ಸ್ಲೈಡಿನಲ್ಲಿ ನಾನಿದ್ದ ಜಾಗಕ್ಕೆ ಗುಲಾಬಿ ಗೊಂಚಲು ಅಂಟಿಸಿದ್ದಾಳೆ.

ತಕ್ಷಣ ಫೋನ್ ಮಾಡಿದೆ.

"ಸ್ಲೈಡಲ್ಲಿ ಹಿಡೀಲಿಲ್ಲ ಕಣೇ," ಎಂದಳು ಅಕ್ಕ. "ಅಷ್ಟಕ್ಕೆಲ್ಲ ಯಾಕೆ ಮುಖ ಊದಿಸ್ಕೊಳ್ತೀಯ?"

"ಗುಲಾಬಿ ಹಿಡೀತಲ್ಲ?"

"ಚಿಕ್ಕವಳಿದ್ದಾಗಿಂದ ನೀನು ಹೀಗೇ," ಎಂದು ಫೋನ್ ಇಟ್ಟೇಬಿಟ್ಟಳು.

ಚಿಕ್ಕವಳಿದ್ದಾಗಿಂದ ಹೀಗೇ ಅಂತೆ! ನನ್ನನ್ನು ಕತ್ತರಿಸುವ ಭರದಲ್ಲಿ ಸ್ಲೈಡಿನಲ್ಲಿ ಅಪ್ಪನ ಕೈ ಮಣಿಕಟ್ಟಿನವರೆಗೆ ಮಾತ್ರ ಉಳಿದಿದೆ. ಅದೂ ಅವಳ ಕಣ್ಣಿಗೆ ಬಿದ್ದಿಲ್ಲ.

ಪ್ರಿಂಟಿನ ಅಂಗಡಿಗೆ ಪೂರ್ತಿ ಫೋಟೋವನ್ನೇ ಕಳಿಸಿದ್ದೇನೆ. ಹಿಡಿಯದಿದ್ದರೆ ಗೋಡೆ ಒಡೆಸಿಕೊಳ್ಳಲಿ.