ಗುಡ್ಡದ ಮೇಲೆ ಮಾತಿಲ್ಲ

ಅಂಗಡಿಯ ಹಿಂದಿನ ಕೋಣೆ
ಡಿಸೆಂಬರ್ ೧೪, ಭಾನುವಾರ

ನನ್ನ ಗುಬ್ಬಿಗೆ,

ಹೀಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೆಸರಿನಲ್ಲಿ ಶುರುಮಾಡಿದರೆ ಕೈ ಓಡುವುದಿಲ್ಲ. ಕ್ಷಮಿಸು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕೇ ಸಾಲು. ಆ ದಿನ ಗುಡ್ಡದಲ್ಲಿ ನೀನು ಕೂಗಿದ್ದು ನನಗೆ ಕೇಳಿಸಿತ್ತೇ ಇಲ್ಲವೇ, ಅಷ್ಟು ಹೇಳಿ ಎಂದಿದ್ದೀಯ. ಕೇಳಿಸಲಿಲ್ಲವೆಂದರೆ ನಂಬುತ್ತೇನೆ, ತಿಂಗಳ ಕೊನೆಗೆ ಮನೆಗೆ ಬರುತ್ತೇನೆ ಎಂದೂ ಬರೆದಿದ್ದೀಯ. ಕೇಳಿಸಿತ್ತು ಎಂದಾದರೆ ಏನೆಂದು ಬರೆದಿಲ್ಲ. ವಿಚ್ಛೇದನದ ಪತ್ರಗಳನ್ನು ಮೊದಲೇ ಕಳಿಸಿದ್ದೀಯಲ್ಲ, ಬರೆಯುವುದೇನಿದೆ.

ಹೊಟ್ಟೆಯಲ್ಲಿದ್ದ ಮಗು ಹೇಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ನರ್ಸ್ ಆಗಿರುವ ನಿನ್ನ ಅಕ್ಕನೂ ಅದನ್ನೇ ಹೇಳಿದರು. ನೀನು ಕೇಳುತ್ತಿರುವುದು ಅದನ್ನಲ್ಲವೆಂದು ನನಗೆ ಗೊತ್ತು. ಗುಡ್ಡದ ಆ ತಿರುವಿನಲ್ಲಿ, ಗೇಟಿನ ಕಾವಲುಗಾರ ಕಂಡು ಓಡಿಬರುವವರೆಗೆ, ಮುಕ್ಕಾಲು ಗಂಟೆ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದೆಯಲ್ಲ, ಅದನ್ನು ಕೇಳುತ್ತಿದ್ದೀಯ.

ಉತ್ತರಕ್ಕೆ ಮುಂಚೆ ಗುಡ್ಡದ ಸುದ್ದಿ ಹೇಳಲೇ? ಬೇಡವೆಂದರೂ ಹೇಳುವವನೇ. ಮಾರ್ಚಿನಲ್ಲಿ ನೀನು ಅಕ್ಕನ ಮನೆಗೆ ಹೋದ ಮೇಲೆ ಮೂರು ಸಲ ಹತ್ತಿದ್ದೇನೆ. ನಾವಿಬ್ಬರೂ ಹೋಗುತ್ತಿದ್ದ ಹಾಗೆಯೇ, ಕಾಲ ಬದಲಾದಾಗಲೆಲ್ಲ ಒಂದು ಸಲ.

ಮಳೆಗಾಲದಲ್ಲಿ ಹೋದಾಗ ಕಾಲುದಾರಿಯೆಲ್ಲ ಪಾಚಿ. ಕಡಲ ಗಾಳಿಗೆ ಕೊಡೆ ಹಿಂದುಮುಂದಾಯಿತು, ನಾನು ಕೆಸರಿನಲ್ಲಿ ಧೊಪ್ಪನೆ ಕುಳಿತೆ. ನೀನಿದ್ದಿದ್ದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಗೇಟಿನ ಹತ್ತಿರ ಕಾವಲುಗಾರ, ‘ಅಮ್ಮಾವ್ರು ಬರ್ಲಿಲ್ವಾ ಸಾರ್?’ ಅಂದ. ‘ಅವಳ ಅಕ್ಕನಿಗೆ ಹುಷಾರಿಲ್ಲ’ ಅಂದುಬಿಟ್ಟೆ. ಗುಂಡುಕಲ್ಲಿನ ಹಾಗಿರುವ ನಿನ್ನ ಅಕ್ಕನನ್ನು ಮಳೆಗಾಲದಿಂದಲೂ ಹಾಸಿಗೆ ಹಿಡಿಸಿದ್ದೇನೆ. ಅವರಿಗೆ ಹೇಳಬೇಡ.

ಮಳೆ ನಿಂತ ಮೇಲೆ ಹುಲ್ಲು ಸೊಂಟದವರೆಗೆ ಬಂದಿತ್ತು. ಕಡಲ ಕಡೆಯ ಇಳಿಜಾರಿನ ತುಂಬ ಆ ಪುಟ್ಟ ಹಳದಿ ಹೂವು. ನೀನು ಪ್ರತಿ ವರ್ಷ ದಾರದುಂಡೆಗಳನ್ನು ಚೀಲದಲ್ಲಿ ಹೊತ್ತು ತಂದು ಅದರ ಪಕ್ಕ ಹಿಡಿದು ನೋಡುತ್ತಿದ್ದೆಯಲ್ಲ, ಒಂದೂ ಸರಿಹೊಂದುತ್ತಿರಲಿಲ್ಲ. ಈ ಸಲ ನಾನೇ ನಿನ್ನ ಹೊಲಿಗೆ ಡಬ್ಬಿಯಿಂದ ಐದು ಹಳದಿ ಒಯ್ದಿದ್ದೆ. ದಿನವಿಡೀ ಕನ್ನಡಕ ಮಾಡುವವನ ಕಣ್ಣಿಗೂ ಜೋಡಿ ಸಿಗಲಿಲ್ಲ. ಅಲ್ಲೇ ಕುಳಿತು ಅತ್ತೆ. ಯಾರೂ ಇರಲಿಲ್ಲ ಬಿಡು.

ನಿನ್ನೆ ಹೋದೆ. ಹುಲ್ಲು ಒಣಗಿದೆ, ಕಡಲು ತೊಳೆದಿಟ್ಟಂತಿದೆ. ಚಳಿಗಾಲದ ಸಣ್ಣ ಬೂದು ಹಕ್ಕಿಗಳು ಬಂದಿವೆ. ನೋಡಿದೆ, ಹಕ್ಕಿ ಲೆಕ್ಕದ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮಾರ್ಚಿನಿಂದ ಅದನ್ನು ತೆರೆದೇ ಇಲ್ಲ.

ದಾರಿಯುದ್ದಕ್ಕೂ ನನ್ನ ಹಾಳು ನಿಯಮವೇ ನೆನಪಿಗೆ ಬಂತು. ಗೇಟು ದಾಟಿದರೆ ತುದಿ ಮುಟ್ಟುವವರೆಗೆ ಮಾತಿಲ್ಲ, ಹಕ್ಕಿಗಳು ಹಾರಿಹೋಗುತ್ತವೆ. ಮಾತಾಡಿದವರು ವಾರವಿಡೀ ಪಾತ್ರೆ ತೊಳೆಯಬೇಕು. ಅರಳು ಹುರಿದಂತೆ ಮಾತಾಡುವವಳಿಗೆ ಮದುವೆಯಾದ ತಿಂಗಳಲ್ಲೇ ಇಂಥ ಷರತ್ತು ಹಾಕಿದೆ. ‘ನನ್ನ ಬಾಯಿಗೆ ಬೀಗ ಹಾಕೋಕೆ ಇಷ್ಟು ದೊಡ್ಡ ಗುಡ್ಡ ಬೇಕಾಯ್ತಾ ನಿಮಗೆ?’ ಎಂದು ರೇಗಿಸಿದ್ದೆ. ಹನ್ನೊಂದು ವರ್ಷದಲ್ಲಿ ನಾನು ಆರು ಸಲ ಪಾತ್ರೆ ತೊಳೆದೆ. ನೀನು ಒಂದು ಸಲವೂ ಸೋಲಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೇಳಿಸಲಿಲ್ಲ, ಗುಬ್ಬಿ. ಗಾಳಿ ಜೋರಾಗಿತ್ತು, ನಾನು ಬಂಡೆಯ ಆ ಕಡೆ ಇದ್ದೆ. ಕೇಳಿಸಿದ್ದರೆ ಓಡಿ ಬರುತ್ತಿರಲಿಲ್ಲವೇ? ಬಂದುಬಿಡು. ನಿನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದೇನೆ, ಕಿಟಕಿಯ ಮುರಿದ ಗಾಜು ಬದಲಾಯಿಸಿದ್ದೇನೆ. ಯಾವ ಬಸ್ಸಿಗೆ ಬರುತ್ತೀಯೆಂದು ಒಂದು ಸಾಲು ಬರೆ, ನಿಲ್ದಾಣದಲ್ಲಿ ನಿಂತಿರುತ್ತೇನೆ. ಇನ್ನು ಮೇಲೆ ಗುಡ್ಡದಲ್ಲಿ ಎಷ್ಟು ಬೇಕಾದರೂ ಮಾತಾಡು, ಹಕ್ಕಿಗಳು ಹಾಳಾಗಿ ಹೋಗಲಿ.

ದಾರಿ ನೋಡುತ್ತಿರುವ,
ನಿನ್ನ ಕೊಕ್ಕರೆ

ತಾ.ಕ.: ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೆ ಹೋಗಿದ್ದೆ. ಕೈ ಒಳಗೆ ಹೋಗಲಿಲ್ಲ. ವಾಪಸು ಬಂದು ಒಡೆದು ಇದನ್ನು ಬರೆಯುತ್ತಿದ್ದೇನೆ. ಮೇಲಿನದನ್ನು ಹರಿದು ಹೊಸದಾಗಿ ಬರೆಯಲು ಕುಳಿತರೆ ಮತ್ತೆ ಸುಳ್ಳೇ ಬರೆಯುತ್ತೇನೆಂಬ ಹೆದರಿಕೆ. ಅದಕ್ಕೆ ಹಾಗೇ ಇರಲಿ.

ಕೇಳಿಸಿತ್ತು. ಎರಡು ಸಲ. ಮೊದಲು ನೀನು ‘ರೀ’ ಅಂದೆ. ಸ್ವಲ್ಪ ಹೊತ್ತಿನ ಮೇಲೆ ‘ರೀ, ಬನ್ರೀ’ ಅಂದೆ. ಅಂದು ಗಾಳಿಯೇ ಇರಲಿಲ್ಲ. ಗುಡ್ಡದಲ್ಲಿ ನೀನು ಸುಮ್ಮಸುಮ್ಮನೆ ಬಾಯಿ ಬಿಡುವವಳಲ್ಲ ಎಂಬುದೂ ಆ ಕ್ಷಣಕ್ಕೆ ತಲೆಗೆ ಹೊಳೆದಿತ್ತು. ಬಂಡೆಯ ಅಂಚಿನಲ್ಲಿ ಒಂದು ಹಕ್ಕಿ ಕುಳಿತಿತ್ತು, ನಾನು ಅದುವರೆಗೆ ಕಂಡಿರದಂಥದ್ದು ಅನ್ನಿಸಿತು. ಎರಡೇ ನಿಮಿಷ ಎಂದುಕೊಂಡು ದುರ್ಬೀನನ್ನು ಇನ್ನೂ ಗಟ್ಟಿಯಾಗಿ ಕಣ್ಣಿಗೆ ಒತ್ತಿಕೊಂಡೆ. ಅದು ಹಾರಿಹೋಗುವ ಹೊತ್ತಿಗೆ ನೀನು ಕೂಗುವುದನ್ನು ನಿಲ್ಲಿಸಿದ್ದೆ. ಹಾಗಾದರೆ ಏನೂ ಇಲ್ಲವೆಂದು ನನಗೆ ನಾನೇ ಹೇಳಿಕೊಂಡು ಮೇಲಕ್ಕೇ ನಡೆದೆ.

ಅದು ಅಪರೂಪದ ಹಕ್ಕಿಯೂ ಆಗಿರಲಿಲ್ಲ. ರೆಕ್ಕೆ ಬಿಚ್ಚಿದಾಗ ಗೊತ್ತಾಯಿತು, ಬಂದರಿನಲ್ಲಿ ಮೀನಿಗೆ ಕಿತ್ತಾಡುವ ಮಾಮೂಲಿ ಕಡಲಹಕ್ಕಿ.

ನೀನು ಕಳಿಸಿದ್ದ ವಿಚ್ಛೇದನದ ಪತ್ರಗಳಿಗೆ ಸಹಿ ಮಾಡಿ ಇದರ ಜೊತೆಗೇ ಇಟ್ಟಿದ್ದೇನೆ. ಹೊಲಿಗೆ ಯಂತ್ರವನ್ನು ಅಕ್ಕನ ಮನೆಗೆ ಕಳಿಸಿಕೊಡುತ್ತೇನೆ. ಬಂದುಬಿಡು ಎಂದು ಮೇಲೆ ಬರೆದದ್ದು ಮಾತ್ರ ಸುಳ್ಳಲ್ಲ.