ವಿಗ್ ಕೊಂಡವರಿಗೆ ಮಕ್ಕಳ ಉಡುಪಿನ ಬಿಲ್ಲು

ಅಕ್ಕಾ,

ಫೋನಿನಲ್ಲಿ ಹೇಳುವ ಧೈರ್ಯವಿಲ್ಲ. ಭಾವನ ಮುಂದೆ ಓದಬೇಡ.

ನಿನ್ನ ಮಕ್ಕಳ ಉಡುಪಿನ ಆನ್‌ಲೈನ್ ಅಂಗಡಿಗೆಂದು ನಿನ್ನ ಹೆಸರಿನಲ್ಲಿ ಕಾರ್ಡ್ ಹಣ ಪಡೆಯುವ ಖಾತೆ ತೆರೆದೆವಲ್ಲ, ನನ್ನ ವಿಗ್ ಅಂಗಡಿಯ ಹಣವನ್ನೂ ನಾನು ಅದರಲ್ಲೇ ಹಾಯಿಸುತ್ತಿದ್ದೆ. ಇನ್ನೊಂದು ಅರ್ಜಿ ತುಂಬಲು ಘನವಾದ ಸೋಮಾರಿತನ. ಹೀಗಾಗಿ ನನ್ನ ಬೋಳುತಲೆಯ ಮಹನೀಯರ ಕಾರ್ಡ್ ಬಿಲ್ಲಿನಲ್ಲೆಲ್ಲ ನಿನ್ನ ಅಂಗಡಿಯ ಹೆಸರು, ‘ಪುಟಾಣಿ ಉಡುಪು’ ಎಂದು ಬಂದಿದೆ. ಒಬ್ಬರ ಹೆಂಡತಿ, “ಯಾವ ಮಗೂಗ್ರೀ ಇದು?” ಎಂದು ಕೇಳಿದರಂತೆ. ವಿಗ್ಗಿನ ಗುಟ್ಟು ಬಿಟ್ಟುಕೊಡಲಾಗದೆ ಆ ಯಜಮಾನರು, “ನಾನೇನೂ ಕೊಂಡೇ ಇಲ್ಲ” ಎಂದು ಬ್ಯಾಂಕಿಗೆ ದೂರು ಕೊಟ್ಟರು. ಅಂಥವರು ಹನ್ನೊಂದು ಮಂದಿ.

ಬ್ಯಾಂಕು ಖಾತೆಯನ್ನು ತಡೆಹಿಡಿದಿದೆ. ಸೋಮವಾರ ಹತ್ತು ಗಂಟೆಗೆ ಅಧಿಕಾರಿ ನಿನಗೆ ಫೋನ್ ಮಾಡುತ್ತಾರೆ. ನಿನ್ನನ್ನು ವಂಚಕಿ ಎಂದು ಬರೆದುಕೊಂಡರೆ ಮುಂದೆ ಯಾವ ಬ್ಯಾಂಕೂ ನಿನಗೆ ಇಂಥ ಖಾತೆ ಕೊಡುವುದಿಲ್ಲ, ಅಂಗಡಿ ಮುಚ್ಚಿದಂತೆಯೇ. ಮೂರು ದಿನದಿಂದ ಯಾರಾದರೂ ಬಾಗಿಲ ಗಂಟೆ ಬಾರಿಸಿದರೆ ಮಂಚದ ಕೆಳಗೆ ಜಾಗ ಹುಡುಕುತ್ತೇನೆ.

ಚಿಕ್ಕಂದಿನಿಂದ ನನ್ನ ತಪ್ಪುಗಳನ್ನೆಲ್ಲ ನಿನ್ನ ಮೈಮೇಲೆ ಹಾಕಿಕೊಂಡವಳು ನೀನು. ಈ ಸಲವೂ “ನಾನೇ ಹಾಗೆ ಮಾಡು ಅಂದಿದ್ದೆ ಸಾರ್, ಅವನದೇನೂ ಇಲ್ಲ” ಎಂದುಬಿಡುತ್ತೀಯೇನೋ ಎಂಬುದೇ ನನ್ನ ದೊಡ್ಡ ಹೆದರಿಕೆ. ಬೇಡ ಅಕ್ಕಾ. “ತಮ್ಮ ನನಗೆ ಹೇಳದೆ ಮಾಡಿದ” ಎನ್ನು. ನನ್ನ ನಂಬರ್ ಕೊಡು. ನಾನು ಫೋನ್ ಎತ್ತುತ್ತೇನೆ.

ನೀನು ಒಪ್ಪಿದರೆ ಇನ್ನೂ ನಿನ್ನ,
ತಮ್ಮ