ಮಾರ್ಜಿನ್

ಮಂಗಳವಾರ, ನವೆಂಬರ್ ೧೨

ಆ ಹಾಳು ನಗು ತಲೆಯಿಂದ ಹೋಗುತ್ತಿಲ್ಲ. ಆಪರೇಷನ್ನಿನಲ್ಲಿ ನನ್ನ ಎದೆಯ ಗಂಟು ಪೂರ್ತಿ ಹೊರಬಂತೆಂದೇ ನಂಬಿದ್ದೆವು. ಇವತ್ತು ರಿಪೋರ್ಟ್ ನೋಡಿದ ಡಾಕ್ಟರು, "ಮಾರ್ಜಿನ್ ಪಾಸಿಟಿವ್ ಇದೆಯಮ್ಮ" ಎಂದರು. ನನ್ನ ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ! ಹೊಲಿಗೆಯಾಚೆ ಬಟ್ಟೆಯಲ್ಲಿ ಮಾರ್ಜಿನ್ ಉಳಿದಿದ್ದರೆ ಒಳ್ಳೆಯದೇ, ಬಿಗಿಯಾದಾಗ ಬಿಚ್ಚಿಕೊಳ್ಳಬಹುದು. "ಸದ್ಯ, ಬದುಕ್ಕೊಂಡೆ" ಎಂದು ನಕ್ಕೇಬಿಟ್ಟೆ.

ಡಾಕ್ಟರು ಪಾಪ, ಕನ್ನಡಕ ತೆಗೆದಿಟ್ಟರು. "ಹಾಗಲ್ಲಮ್ಮ. ಕತ್ತರಿಸಿ ತೆಗೆದಿದ್ದರ ಅಂಚಿನವರೆಗೂ ಕ್ಯಾನ್ಸರ್ ಇದೆ. ಒಳಗೂ ಉಳಿದಿರಬಹುದು. ಮತ್ತೆ ಆಪರೇಷನ್ ಮಾಡ್ಬೇಕು."

ವಾಪಸ್ ಬರುವಾಗ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಅಕ್ಕ ಕಿಟಕಿ ಕಡೆ ಮುಖ ಮಾಡಿಕೊಂಡೇ, "ನೀನ್ ನಕ್ಕಿದ್ದು ನೋಡಿ ನಂಗೂ ಒಂದ್ ಕ್ಷಣ ಜೀವ ಬಂತು ಕಣೇ" ಎಂದಳು.

ಮನೆಗೆ ಬಂದು ಮಗಳ ಯೂನಿಫಾರ್ಮ್ ಸ್ಕರ್ಟ್ ಹಿಡಿದು ಕೂತೆ. ತೋಳು ಎತ್ತಲಾಗದಿದ್ದರೂ ಮಷೀನ್ ತುಳಿಯಬಹುದು.

"ಅಮ್ಮಾ, ಕೆಳಗ್ಯಾಕೆ ಇಷ್ಟೊಂದು ಮಡಚಿದ್ದೀಯಾ? ದಪ್ಪಗೆ ಕಾಣತ್ತೆ."

"ನೀನು ಉದ್ದ ಆಗ್ತೀಯಲ್ಲೇ."

ಯಾವಾಗಲೂ ಒಂದು ವರ್ಷಕ್ಕಾಗುವಷ್ಟು ಮಡಚುತ್ತಿದ್ದೆ. ಇವತ್ತು ಕೈ ತಾನಾಗಿಯೇ ಮೂರು ವರ್ಷಕ್ಕಾಗುವಷ್ಟು ಮಡಚಿದೆ. ಹೊಲಿಗೆ ಬಿಚ್ಚುವುದನ್ನಾದರೂ ಅವಳಿಗೆ ಈಗಲೇ ಕಲಿಸಿಡಬೇಕು.